ಬಾಗಿಲಣ್ಣನ ಸೀಸೆ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮುಳ್ಳಣ್ಣನ ಅಂಗಡಿಗೆ ಬರುವ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಇದೇ ಪೈಕಿ. ವಿಡಿಯೋ ಗೇಮಿನಲ್ಲಿ ಸೋತು ಸುಣ್ಣವಾಗುತ್ತಾರೆ, ಸಿಟ್ಟಿಗೆ ಕಂಟ್ರೋಲರನ್ನು ಗೋಡೆಗೆ ಎಸೆಯುತ್ತಾರೆ, ಮಾರನೆಯ ದಿನ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಬಂದು, "ಬಟನ್ನೇ ಸರಿ ಇಲ್ಲ ಮುಳ್ಳಣ್ಣ, ಅದಕ್ಕೇ ಸತ್ತೋದೆ" ಎಂದು ರಾಗ ಎಳೆಯುತ್ತಾರೆ. ಮುಳ್ಳಣ್ಣ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಅದನ್ನು ಬಿಚ್ಚುತ್ತಾನೆ, ಒಳಗಿನ ಸ್ಪ್ರಿಂಗ್ ಬದಲಿಸುತ್ತಾನೆ, ಮುಚ್ಚಿ ಕೈಗೆ ಕೊಡುತ್ತಾನೆ. "ಬಟನ್ ಸರಿ ಮಾಡಿದ್ದೀನಿ. ಹೆಬ್ಬೆರಳು ಸರಿ ಮಾಡೋದು ನನ್ನ ಕೈಲಿ ಆಗಲ್ಲ."

ಅಸಲಿಗೆ ಅವನದು ಗಡಿಯಾರ ರಿಪೇರಿಯ ಕಸುಬು. ಮುಳ್ಳು ಕೂರಿಸುವುದರಲ್ಲಿ ಎತ್ತಿದ ಕೈ ಎಂದು ಆ ಹೆಸರು ಬಂತು, ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೂ ನೆನಪಿಲ್ಲ. ಮೊಬೈಲು ಬಂದ ಮೇಲೆ ಜನ ಟೈಮು ನೋಡಲು ಜೇಬಿಗೆ ಕೈ ಹಾಕತೊಡಗಿದರು, ಮಣಿಕಟ್ಟು ಬರಿದಾಯಿತು, ಅಂಗಡಿಯೂ ಬರಿದಾಯಿತು. ಪಕ್ಕದ ಟೀವಿ ರಿಪೇರಿಯವನು ಬಾಗಿಲು ಹಾಕಿ ಹೋಗುವ ದಿನ ಒಂದು ಹಳೆಯ ಟೀವಿಯನ್ನೂ ಗೇಮಿನ ಪೆಟ್ಟಿಗೆಯನ್ನೂ ತಂದು ಕೊಟ್ಟು, "ನೊಣ ಹೊಡೀತಾ ಕೂರೋ ಬದ್ಲು ಇದನ್ನಾದ್ರೂ ಹೊಡಿ" ಎಂದಿದ್ದ. ಆಗ ಮುಳ್ಳಣ್ಣನಿಗೆ ನಲವತ್ತಮೂರು. ಈಗ ಐವತ್ತೆಂಟು. ಈ ಹದಿನೈದು ವರ್ಷದಲ್ಲಿ ಅವನು ಹೊಡೆದಿದ್ದಕ್ಕಿಂತ ಹೊಡೆಸಿಕೊಂಡದ್ದೇ ಹೆಚ್ಚು.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಆಟಗಳಲ್ಲಿ ಬಾಸ್ ಎಂದರೆ ರಜೆ ಕೊಡದ ಆಫೀಸಿನವನಲ್ಲ, ಅವನಿಗಿಂತ ಸ್ವಲ್ಪ ಕೆಟ್ಟವನು. ದಾರಿಗೆ ಅಡ್ಡಲಾಗಿ ನಿಂತಿರುವ ದೊಡ್ಡ ಎದುರಾಳಿ. ಅವನನ್ನು ಕೆಡವದೆ ಮುಂದೆ ಹೋಗುವಂತಿಲ್ಲ. ಅವನು ನಿಮ್ಮನ್ನು ಕೆಡವಿದರೆ ಮತ್ತೆ ಮೊದಲಿಂದ. ಕೆಲವರು ಹತ್ತು ಸಲಕ್ಕೆ ಬೀಳುತ್ತಾರೆ, ಕೆಲವರು ನೂರಕ್ಕೂ ಬೀಳುವುದಿಲ್ಲ. ಯಾರು ಎಲ್ಲರಿಗಿಂತ ಕಷ್ಟ ಎಂಬ ಜಗಳಕ್ಕೆ ಕೊನೆಯಿಲ್ಲ, ಪ್ರತಿಯೊಬ್ಬರಿಗೂ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಆ ಜಗಳ ತೀರಲೆಂದೇ ಮುಳ್ಳಣ್ಣ ಪಟ್ಟಿ ಮಾಡಿದ. ಒಂದು ದಪ್ಪ ರಟ್ಟು, ಮೇಲೆ ಪೆನ್ಸಿಲಿನಲ್ಲಿ ಒಂದರಿಂದ ಹತ್ತು. ಅದನ್ನು ಗೋಡೆಗಡಿಯಾರಗಳ ನಡುವೆ ಮೊಳೆಗೆ ನೇತುಹಾಕಿದ. ನಿಯಮ ಎರಡೇ. ಗೆಲ್ಲದ ಬಾಸನ್ನು ಪಟ್ಟಿಗೆ ಸೇರಿಸುವಂತಿಲ್ಲ. ಯಾರು ಕಷ್ಟ ಎಂದು ಬಾಯಿ ಹೇಳುವಂತಿಲ್ಲ, ಸಾವೇ ಹೇಳಬೇಕು. ಹೆಚ್ಚು ಸಲ ಕೊಂದವನು ಮೇಲೆ. ಸಾವು ಎಣಿಸಲು ಹಳೆಯ ಟಾನಿಕ್ ಸೀಸೆಗಳು. ಒಬ್ಬೊಬ್ಬ ಬಾಸಿಗೆ ಒಂದೊಂದು, ಹೆಸರಿನ ಚೀಟಿ ಅಂಟಿಸಿ ಕಪಾಟಿನಲ್ಲಿ ಸಾಲಾಗಿ ಇಟ್ಟದ್ದು. ಸತ್ತಾಗಲೆಲ್ಲ ಕೆಟ್ಟ ಗಡಿಯಾರದ ಒಂದು ಸ್ಕ್ರೂ ಒಳಗೆ. ಗೆದ್ದ ದಿನ ಸೀಸೆಯನ್ನು ಮೇಜಿನ ಮೇಲೆ ಸುರಿದು ಎಲ್ಲರೆದುರು ಎಣಿಸುವುದು.

ಆಟಗಳಿಗೂ ಬಾಸುಗಳಿಗೂ ಏನೇನೋ ವಿದೇಶದ ಹೆಸರುಗಳಿದ್ದವು, ನಾಲಿಗೆ ಹೊರಳುತ್ತಿರಲಿಲ್ಲ. ಮುಳ್ಳಣ್ಣ ತನ್ನದೇ ಹೆಸರಿಟ್ಟ. ಎರಡನೆಯ ಜಾಗದಲ್ಲಿ ಇದ್ದಿಲು ರಾಣಿ, ನೂರ ಎಂಬತ್ತೇಳು ಸಾವು. ಮೂರನೆಯದು ಸತ್ತ ಮೇಲೂ ಎದ್ದು ಕೂರುವ ಎರಡು ಜೀವದ ಮುದುಕ, ನೂರ ಐವತ್ತಮೂರು. ನಾಲ್ಕನೆಯದು ಅವಳಿ ನಾಯಿಗಳು; ಅವನ್ನು ಗೆದ್ದು ಆ ಸಾಲು ಬರೆಸಿದವನು ಅಂಗಡಿಗೆ ದಿನವೂ ಬರುವ ಆಂಬುಲೆನ್ಸ್ ಡ್ರೈವರು. ಒಂದನೆಯ ಜಾಗ ಮಾತ್ರ ಖಾಲಿ. ಅದು ಗಂಟೆಯಮ್ಮನಿಗೆ ಕಾಯ್ದಿಟ್ಟದ್ದು. ಮುಳ್ಳಣ್ಣ 'ಕೋಟೆ ಆಟ' ಎನ್ನುವ ಆಟದ ಕಟ್ಟಕಡೆಯ ಬಾಸು ಅವಳು. ಕೈಯಲ್ಲಿ ದೊಡ್ಡ ಗಂಟೆ, ಒಂದೇ ಪೆಟ್ಟು, ಕಥೆ ಮುಗಿಯಿತು. ಹನ್ನೊಂದು ವರ್ಷದಿಂದ ಬಿಟ್ಟು ಬಿಟ್ಟು ಅವಳೊಂದಿಗೆ ಹೋರಾಡುತ್ತಿದ್ದ. "ಅವಳನ್ನ ಬೀಳಿಸಿ, ಒಂದನೇ ಜಾಗದಲ್ಲಿ ಬರೆದು, ಪೆನ್ಸಿಲ್ ಕೆಳಗಿಟ್ರೆ ನನ್ನ ಆಟ ಮುಗೀತು" ಎನ್ನುತ್ತಿದ್ದ.

ಅಂಗಡಿಯಲ್ಲಿ ಇನ್ನೊಂದು ಮೇಜಿತ್ತು, ಕಿಟಕಿಯ ಬಳಿ. ಅದು ತಂಗಿಯದು. ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅಣ್ಣ ತಂಗಿ ಇಬ್ಬರದೇ ಸಂಸಾರ. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ ತಂಗಿ, "ಇವನೊಬ್ಬನ್ನ ಸಾಕೋದೇ ಸಾಕಾಗಿದೆ" ಎನ್ನುತ್ತಿದ್ದಳು. ಏಳನೆಯ ವಯಸ್ಸಿನಲ್ಲಿ ಏಣಿಯಿಂದ ಬಿದ್ದಾಗ ಅವಳ ಬಲಗೈ ಮುರಿದಿತ್ತು. ಮೂಳೆ ಕೂಡಿತು, ಆದರೆ ತೋರುಬೆರಳು ನಡುಬೆರಳು ಮತ್ತೆ ಮಡಚಲಿಲ್ಲ, ಯಾವಾಗಲೂ ಯಾರಿಗೋ ದಾರಿ ತೋರಿಸುವಂತೆ ನೆಟ್ಟಗೆ. ಉಳಿದ ಮೂರು ಬೆರಳು ಮತ್ತು ಎಡಗೈಯಲ್ಲೇ ಅವಳು ಗಡಿಯಾರಗಳಿಗೆ ಬೆಲ್ಟು ಹಾಕುತ್ತಿದ್ದಳು, ಗಾಜು ಉಜ್ಜುತ್ತಿದ್ದಳು, ಗಿರಾಕಿಗಳ ಬಾಯಿ ಮುಚ್ಚಿಸುತ್ತಿದ್ದಳು. ಕೊನೆಯ ಕೆಲಸಕ್ಕೆ ಬೆರಳು ಬೇಕಿರಲಿಲ್ಲವೆನ್ನಿ.

ಹನ್ನೊಂದು ವರ್ಷದ ಹಿಂದೆ ಅವಳೂ ಆಡುತ್ತಿದ್ದಳು. ಅಣ್ಣ ಕೋಟೆ ಆಟ ಶುರು ಮಾಡಿದಾಗ ಆಸೆಯಾಗಿ ತಾನೂ ಕುಳಿತಳು. ಕೋಟೆಯ ಬಾಗಿಲಲ್ಲೇ ಮೊದಲ ಬಾಸು, ಈಟಿ ಹಿಡಿದ ಕಾವಲುಗಾರ, ಬಾಗಿಲಣ್ಣ. ಅವನು ಎಲ್ಲರಿಗಿಂತ ಸುಲಭ. ಮುಳ್ಳಣ್ಣ ಎರಡನೆಯ ಸಲಕ್ಕೆ ಕೆಡವಿದ್ದ, ಡ್ರೈವರು ಮೊದಲ ಸಲಕ್ಕೇ. ಆದರೆ ಈಟಿ ಬರುವಾಗ ಪಕ್ಕಕ್ಕೆ ಹಾರಲು ಬಲಗೈಯ ತೋರುಬೆರಳು, ಹೊಡೆಯಲು ನಡುಬೆರಳು ಬೇಕು. ಅವೆರಡೇ ಅವಳಿಗೆ ಮಡಚುತ್ತಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ದಿನಕ್ಕೆ ಐದಾರು ಸಲ ಸಾಯುತ್ತಿದ್ದಳು, ತುಟಿ ಪಿಟಕ್ಕೆನ್ನದೆ ಸ್ಕ್ರೂ ಹಾಕುತ್ತಿದ್ದಳು. ಸೀಸೆಯ ಚೀಟಿಯಲ್ಲಿ ತನ್ನ ಕೈಯಾರೆ 'ಬಾಗಿಲಣ್ಣ' ಎಂದು ಬರೆದಿದ್ದಳು.

ಆಗಲೇ ಮುಳ್ಳಣ್ಣ ಮೊದಲ ಸಲ ಗಂಟೆಯಮ್ಮನವರೆಗೆ ತಲುಪಿದ. ಅಂಗಡಿ ತುಂಬ ಜನ. ಗಂಟೆಯಮ್ಮ ಒಂದೇ ಏಟಿಗೆ ಕೊಂದಳು, ಎಲ್ಲರೂ ಹೋ ಎಂದರು. ಸ್ಕ್ರೂ ಹಾಕಲು ಖಾಲಿ ಸೀಸೆ ಇರಲಿಲ್ಲ. ಮುಳ್ಳಣ್ಣ ಆ ಹುಮ್ಮಸ್ಸಿನಲ್ಲಿ ಬಾಗಿಲಣ್ಣನ ಸೀಸೆಯನ್ನು ಎತ್ತಿ ಮೇಜಿನ ಮೇಲೆ ಸುರಿದ. ಗಟ್ಟಿಯಾಗಿ ಎಣಿಸಿದ. ನೂರ ನಲವತ್ತು.

"ಅಯ್ಯೋ ಪುಟ್ಟಿ, ನೂರ ನಲವತ್ತಾ! ಇವನು ಬಾಸೇ ಅಲ್ಲ ಕಣೇ, ಬಾಗಿಲು! ಬಾಗಿಲಲ್ಲಿ ಎಡವಿದ್ದಕ್ಕೆಲ್ಲ ಯಾರಾದ್ರೂ ಲೆಕ್ಕ ಇಡ್ತಾರಾ?"

ಎಲ್ಲರೂ ನಕ್ಕರು. ಡ್ರೈವರಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಮುಳ್ಳಣ್ಣ ಸ್ಕ್ರೂಗಳನ್ನು ಗುಜರಿ ಡಬ್ಬಿಗೆ ಬಳಿದು ಹಾಕಿ, ಅವಳ ಚೀಟಿಯ ಮೇಲೆ 'ಗಂಟೆಯಮ್ಮ' ಎಂಬ ಹೊಸ ಚೀಟಿ ಅಂಟಿಸಿದ. ತಂಗಿಯೂ ಸ್ವಲ್ಪ ನಕ್ಕಳು. ಆಮೇಲೆ ಕಂಟ್ರೋಲರನ್ನು ಬಟ್ಟೆಯಲ್ಲಿ ಒರೆಸಿ ಟೀವಿಯ ಪಕ್ಕ ಇಟ್ಟು, ತನ್ನ ಮೇಜಿಗೆ ಹೋಗಿ ಬೆಲ್ಟು ಹಾಕತೊಡಗಿದಳು. ಮತ್ತೆ ಆಡಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಮುಳ್ಳಣ್ಣನಿಗೆ ಏನಾದರೂ ಹೋಯಿತೆಂದು ಆಗ ಗೊತ್ತೇ ಆಗಲಿಲ್ಲ. ಬೇಜಾರು ಬಂದಿರಬೇಕು, ಬಿಟ್ಟಳು ಎಂದುಕೊಂಡ.

ಹೋದ ವರ್ಷ ಒಂದು ಮಧ್ಯಾಹ್ನ ಗಂಟೆಯಮ್ಮನ ಕೈಯಲ್ಲಿ ಸತ್ತು, ಸೀಸೆಗೆ ಸ್ಕ್ರೂ ಹಾಕಲು ಹೋದಾಗ ಅದು ಸೀಸೆಯ ಬಾಯಿ ತಪ್ಪಿ ನೆಲಕ್ಕೆ ಬಿತ್ತು. ಎತ್ತಿ ಹಾಕಿದ, ಮತ್ತೆ ತಪ್ಪಿತು. ಕೈ ಸಣ್ಣಗೆ ನಡುಗುತ್ತಿತ್ತು. ಮೂವತ್ತೈದು ವರ್ಷ ಕೂದಲೆಳೆಯಷ್ಟು ಸ್ಪ್ರಿಂಗ್ ಕೂರಿಸಿದ ಕೈ ಅದು. ಡಾಕ್ಟರು ಕೈ ಚಾಚಲು ಹೇಳಿದರು, ಕಾಗದದ ಮೇಲೆ ಸುರುಳಿ ಬರೆಸಿದರು, ಕೊನೆಗೆ, "ಇದು ಪ್ರಾಣಕ್ಕೇನೂ ಅಪಾಯ ಇಲ್ಲ. ಆದ್ರೆ ಕಡಿಮೆ ಆಗುತ್ತೆ ಅಂತ ಸುಳ್ಳು ಹೇಳಲ್ಲ, ನಿಧಾನವಾಗಿ ಜಾಸ್ತಿ ಆಗುತ್ತೆ" ಎಂದರು.

"ಎಷ್ಟು ನಿಧಾನ?"

"ಅದನ್ನ ನಿಮ್ಮ ಗಡಿಯಾರವೂ ಹೇಳಲ್ಲ."

ಅಂದಿನಿಂದ ಮುಳ್ಳಣ್ಣನಿಗೆ ಒಂದೇ ಧ್ಯಾನ. ಕೈ ಪೂರ್ತಿ ಕೈಕೊಡುವ ಮೊದಲು ಗಂಟೆಯಮ್ಮ ಬೀಳಬೇಕು, ಆ ಖಾಲಿ ಜಾಗ ತುಂಬಬೇಕು. ಸೂಕ್ಷ್ಮದ ಗಡಿಯಾರಗಳನ್ನು ಬೇರೆ ಅಂಗಡಿಗೆ ಕಳಿಸತೊಡಗಿದ, ಬ್ಯಾಟರಿ ಬದಲಿಸುವ ಕೆಲಸ ಮಾತ್ರ ಇಟ್ಟುಕೊಂಡ. ಎರಡರಿಂದ ನಾಲ್ಕರವರೆಗೆ ದಿನವೂ ಆಟ. ಇನ್ನೂರ ನಲವತ್ತಿದ್ದ ಸ್ಕ್ರೂ ಮುನ್ನೂರ ಅರವತ್ತಾರಕ್ಕೆ ಏರಿತು. ಮೊದಮೊದಲು ಅವಳ ಅರ್ಧ ಜೀವ ತೆಗೆಯುತ್ತಿದ್ದವನು ಕಾಲುಭಾಗಕ್ಕೆ ಇಳಿದ, ಆಮೇಲೆ ಅದೂ ಇಲ್ಲ. ಹಾರಬೇಕಾದಾಗ ಬೆರಳು ಎರಡು ಸಲ ಒತ್ತುತ್ತಿತ್ತು, ಒತ್ತಬಾರದಾಗ ತಾನೇ ಒತ್ತುತ್ತಿತ್ತು. ತಂಗಿ ಕಿಟಕಿಯ ಬಳಿಯಿಂದ ನೋಡುತ್ತಿದ್ದಳು. ಟೀ ಲೋಟವನ್ನು ಅರ್ಧವೇ ತುಂಬಿಸಿ ಕೊಡತೊಡಗಿದ್ದಳು, ತುಳುಕಬಾರದೆಂದು.

ಒಂದು ದಿನ ಡ್ರೈವರು ಅವನ ಆಟ ನೋಡಿ ನಾಲಿಗೆ ಲೊಚಗುಟ್ಟಿದ.

"ಕೈ ಜಡ್ಡುಗಟ್ಟಿದೆ ಮುಳ್ಳಣ್ಣ. ಸುಲಭದವರಿಂದ ಶುರು ಮಾಡು. ಹೊಸದಾಗಿ ಆಟ ತೆಗೆದು ಬಾಗಿಲಣ್ಣನಿಂದ ಹೊಡ್ಕೊಂಡ್ ಬಾ. ಧೈರ್ಯ ಬರುತ್ತೆ."

ಅವನು ಡ್ಯೂಟಿಗೆ ಹೋದ ಮೇಲೆ ಮುಳ್ಳಣ್ಣ ಹಾಗೇ ಮಾಡಿದ. ಹೊಸ ಆಟ ತೆಗೆದಾಗ ಪರದೆಯ ಮೇಲೆ ಉಳಿಸಿಟ್ಟ ಆಟಗಳ ಸಾಲು ಬಂತು. ಮೊದಲನೆಯದು ತನ್ನದು. ಎರಡನೆಯದು ಡ್ರೈವರಿನದು. ಮೂರನೆಯದು ಯಾರದೋ, ಹೆಸರಿಲ್ಲ. ಯಾರೋ ಗಿರಾಕಿ ಕಂಟ್ರೋಲರ್ ಪರೀಕ್ಷಿಸಲು ಆಡಿರಬೇಕು ಎಂದುಕೊಂಡು ನಾಲ್ಕನೆಯದರಲ್ಲಿ ಶುರು ಮಾಡಿದ.

ಬಾಗಿಲಣ್ಣ ಈಟಿ ಬೀಸಿದ. ಮುಳ್ಳಣ್ಣ ಸತ್ತ. ತಮಾಷೆ ಎನಿಸಿತು, ನಕ್ಕ. ಮತ್ತೆ ಸತ್ತ. ಐದನೆಯ ಸಲ ನಗು ನಿಂತಿತು. ಹತ್ತನೆಯ ಸಲಕ್ಕೆ ಬೆನ್ನು ಬೆವರಿತು. ಇಪ್ಪತ್ತಾರನೆಯ ಸಲ ಸತ್ತಾಗ ಕಂಟ್ರೋಲರನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತ. ನಡುಗುವ ಬಲಗೈ ನೋಡಿದ. ತೋರುಬೆರಳು, ನಡುಬೆರಳು. ಆಗ ನೆನಪಾಯಿತು. ನೂರ ನಲವತ್ತು ಸಲ ಅವಳು ಹೀಗೇ ಕುಳಿತಿದ್ದಳು, ತಾನು ಅದನ್ನು ಸುರಿದು ಊರೆದುರು ಎಣಿಸಿದ್ದ. ಮುಳ್ಳಣ್ಣನಿಗೆ ನಾಚಿಕೆಯಾಯಿತು. ಸಣ್ಣ ನಾಚಿಕೆಯಲ್ಲ, ಕಿವಿಯವರೆಗೂ ಬಿಸಿಯಾಗುವಂಥದ್ದು. ತಿರುಗಿ ಅವಳ ಮುಖ ನೋಡಲು ಧೈರ್ಯ ಸಾಲಲಿಲ್ಲ.

"ಹಾರಬೇಡ" ಎಂದಳು ತಂಗಿ.

ಹನ್ನೊಂದು ವರ್ಷದಲ್ಲಿ ಅವಳು ಆಟದ ಬಗ್ಗೆ ಆಡಿದ ಮೊದಲ ಮಾತು. ಬೆಲ್ಟು ಕೈಯಲ್ಲೇ ಇತ್ತು.

"ಹಾರೋದು ಬೆರಳಿದ್ದೋರ ಆಟ. ನೀನು ಓಡೋಗಿ ಅವನ ಎಡ ಮಂಡಿಗೆ ಅಂಟ್ಕೊಂಡು ನಿಂತ್ಕೋ. ಈಟಿ ಉದ್ದ, ಅಷ್ಟು ಹತ್ರಕ್ಕೆ ತಿರುಗಿಸಕ್ಕಾಗಲ್ಲ ಅವನಿಗೆ. ಅವನು ಮೂರು ಸಲ ಉಸಿರು ಬಿಡ್ತಾನೆ, ನಾಲ್ಕನೇ ಉಸಿರಿಗೆ ಒಂದೇ ಒಂದು ಏಟು. ಆಸೆಪಟ್ಟು ಎರಡನೇದು ಹೊಡೆದ್ಯೋ, ಸತ್ತೆ. ಇಪ್ಪತ್ತೈದು ನಿಮಿಷ ಬೇಕು."

"ಎರಡು ನಿಮಿಷದ ಬಾಸಿಗೆ ಇಪ್ಪತ್ತೈದು ನಿಮಿಷಾನಾ?"

"ಅವಸರ ಇದ್ರೆ ಸಾಯಿ."

ಮುಳ್ಳಣ್ಣ ಈಗ ತಿರುಗಿದ. "ಇದೆಲ್ಲ ನಿನಗೆ ಹೇಗೆ ಗೊತ್ತು?"

ತಂಗಿ ಮೇಜಿನ ಕೆಳಗಿನ ಖಾನೆ ಎಳೆದು, ಬೆಲ್ಟುಗಳ ಅಡಿಯಿಂದ ಒಂದು ಪೌಡರ್ ಡಬ್ಬಿ ತೆಗೆದಳು. ತಂದು ಅವನ ಮುಂದೆ ಸುರಿದಳು. ಬೆಲ್ಟಿನ ಕಡ್ಡಿಗಳು, ಬೆಲ್ಟನ್ನು ಗಡಿಯಾರಕ್ಕೆ ಸಿಕ್ಕಿಸುವ ಸಣ್ಣ ಉಕ್ಕಿನ ಕಡ್ಡಿಗಳು, ಎಲ್ಲವೂ ಹಳೆಯವು.

"ನೀನು ಗುರುವಾರ ಗುರುವಾರ ಸಾಮಾನು ತರಕ್ಕೆ ಹೋಗ್ತಿದ್ಯಲ್ಲ, ಆಗ ಆಡ್ತಿದ್ದೆ. ನಿನ್ನ ಸ್ಕ್ರೂ ಮುಟ್ಟಿಲ್ಲ, ನನ್ನ ಕಡ್ಡೀಲೇ ಎಣಿಸಿದ್ದೀನಿ. ನೋಡ್ಕೋ."

ಮುಳ್ಳಣ್ಣ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಎಣಿಸಿದ. ಕೈ ನಡುಗಿ ಎರಡು ಸಲ ತಪ್ಪಿತು, ಮೂರನೆಯ ಸಲ ಸರಿಯಾಯಿತು. ಎಪ್ಪತ್ತೆರಡು.

"ಅದಕ್ಕೆ ನೂರ ನಲವತ್ತು ಸೇರಿಸು. ಅದನ್ನಂತೂ ನೀನೇ ಎಣಿಸಿದ್ದೀಯ, ಗಟ್ಟಿಯಾಗಿ."

"ಇನ್ನೂರ ಹನ್ನೆರಡು" ಎಂದ ಮುಳ್ಳಣ್ಣ. "ಆಮೇಲೆ?"

"ಆಮೇಲೆ ಏನು, ಬಿದ್ದ."

ಮುಳ್ಳಣ್ಣ ಟೀವಿಯ ಕಡೆ ತಿರುಗಿ ಉಳಿಸಿಟ್ಟ ಆಟಗಳ ಸಾಲಿಗೆ ಹೋದ. ಹೆಸರಿಲ್ಲದ ಮೂರನೆಯದನ್ನು ತೆರೆದ. ಕೋಟೆಯ ಬಾಗಿಲು ಹಾರು ಹೊಡೆದಿತ್ತು. ಬಾಗಿಲ ಒಳಗೆ ಸರಿಯಾಗಿ ಒಂದು ಹೆಜ್ಜೆಯಾಚೆ ಒಬ್ಬ ಯೋಧೆ ನಿಂತಿದ್ದಳು, ಕೋಟೆಯ ಅಂಗಳವನ್ನು ನೋಡುತ್ತ. ಇನ್ನೊಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಹನ್ನೊಂದು ವರ್ಷದಿಂದ ಅಲ್ಲೇ ನಿಂತಿದ್ದಳು.

"ಗೆದ್ದಾಗ ಯಾಕೆ ಹೇಳಲಿಲ್ಲ ಪುಟ್ಟಿ?"

"ಹೇಳಿದ್ರೆ ಎಲ್ಲಿ ಬರೀತಿದ್ದೆ?"

ಕೋಪದಿಂದ ಕೇಳಲಿಲ್ಲ. ಗಿರಾಕಿಯನ್ನು ಬೆಲ್ಟು ಕಪ್ಪೋ ಕಂದೋ ಎಂದು ಕೇಳುವಷ್ಟೇ ಸಹಜವಾಗಿ ಕೇಳಿದಳು. ಮುಳ್ಳಣ್ಣನ ಕಣ್ಣು ತುಂಬಿತು, ಭೂತಗನ್ನಡಿಯ ಹಿಂದೆ ಅದು ಇನ್ನೂ ದೊಡ್ಡದಾಗಿ ಕಾಣುತ್ತಿತ್ತು. "ಅಯ್ಯೋ, ಸುಮ್ನಿರೋ, ಯಾರಾದ್ರೂ ಬಂದಾರು" ಎಂದಳು ತಂಗಿ.

ಮುಳ್ಳಣ್ಣ ಎದ್ದು ಕಪಾಟಿನಿಂದ ಗಂಟೆಯಮ್ಮನ ಸೀಸೆ ತೆಗೆದ. ಮುನ್ನೂರ ಅರವತ್ತಾರು ಸ್ಕ್ರೂ, ಹನ್ನೊಂದು ವರ್ಷ. ಒಂದು ಗಳಿಗೆ ಕೈಯಲ್ಲಿ ಹಿಡಿದು ಭಾರ ನೋಡಿದ. ಆಮೇಲೆ ಗುಜರಿ ಡಬ್ಬಿಗೆ ಎಲ್ಲವನ್ನೂ ಸುರಿದುಬಿಟ್ಟ.

"ಏಯ್, ಏನ್ ಮಾಡ್ತಿದ್ದೀಯ! ಇನ್ನೂ ಗೆಲ್ತೀಯೇನೋ."

"ಗೆಲ್ಲಲ್ಲ ಪುಟ್ಟಿ. ಈ ಕೈಗೆ ಗಂಟೆಯಮ್ಮ ಬೀಳಲ್ಲ. ಅದು ನನಗೆ ಗೊತ್ತು, ನಿನಗೂ ಗೊತ್ತು. ಗೆಲ್ಲದೆ ಇರೋರಿಗೆ ಪಟ್ಟಿಯಲ್ಲಿ ಜಾಗ ಇಲ್ಲ, ನಿಯಮ ನಂದೇ."

ಉಗುರಿನಿಂದ ಮೇಲಿನ ಚೀಟಿ ಕೆರೆದ. ಅಡಿಯಲ್ಲಿ ಅವಳ ಅಕ್ಷರ ಮಾಸಿತ್ತು, ಆದರೂ ಓದಬಹುದಿತ್ತು. ಗುಜರಿ ಡಬ್ಬಿಯಿಂದಲೇ ನೂರ ನಲವತ್ತು ಸ್ಕ್ರೂ ಎಣಿಸಿ ಸೀಸೆಗೆ ಹಾಕಿದ. ಬಾಯಿ ತಪ್ಪಿ ಬಿದ್ದವನ್ನು ತಂಗಿ ಎಡಗೈಯಲ್ಲಿ ಎತ್ತಿ ಕೊಟ್ಟಳು. ಎಪ್ಪತ್ತೆರಡು ಕಡ್ಡಿಗಳನ್ನು ಅವಳೇ ಹಾಕಿದಳು. ಕೊನೆಗೆ ಅವನು ರಟ್ಟನ್ನು ಮೊಳೆಯಿಂದ ಇಳಿಸಿ, ಖಾಲಿಯಿದ್ದ ಒಂದನೆಯ ಜಾಗದಲ್ಲಿ ಬರೆದ: ಬಾಗಿಲಣ್ಣ, ೨೧೨, ಗೆದ್ದವಳು ನನ್ನ ತಂಗಿ. ಅಕ್ಷರ ಕಾಗೆಕಾಲು ಗುಬ್ಬಿಕಾಲಾಗಿತ್ತು. "ಇಲ್ಲಿ ಕೊಡು, ನಾನು ಬರೀತೀನಿ" ಎಂದು ತಂಗಿ ಕೇಳಿದರೂ ಪೆನ್ಸಿಲ್ ಕೊಡಲಿಲ್ಲ.

ಮಾರನೆಯ ದಿನ ಡ್ರೈವರು ಬಂದವನೇ ಪಟ್ಟಿ ನೋಡಿ ಬಾಯಿ ತೆರೆದ.

"ಏನ್ ಮುಳ್ಳಣ್ಣ, ತಲೆ ನೆಟ್ಟಗಿದೆಯಾ? ಇದ್ದಿಲು ರಾಣಿ ಮೇಲೆ ಬಾಗಿಲಣ್ಣನಾ? ಊರೋರು ನಗ್ತಾರೆ!"

ಮುಳ್ಳಣ್ಣ ತಂಗಿಯ ಮೇಜಿನಿಂದ ಒಂದು ಬೆಲ್ಟು ತೆಗೆದು, ಡ್ರೈವರಿನ ಬಲಗೈ ತೋರುಬೆರಳು ನಡುಬೆರಳನ್ನು ಜೋಡಿಸಿ ನೆಟ್ಟಗೆ ಬಿಗಿದು, ಬಕಲು ಹಾಕಿದ. ಕಂಟ್ರೋಲರನ್ನು ಕೈಗೆ ಕೊಟ್ಟ. "ಆಡು."

ಡ್ರೈವರು ಹಲ್ಲು ಕಿರಿಯುತ್ತ ಕುಳಿತ. ಹದಿನಾಲ್ಕನೆಯ ಸಾವಿಗೆ ಹಲ್ಲು ಒಳಗೆ ಹೋಯಿತು. ಮೂವತ್ತಕ್ಕೆ, "ಅಕ್ಕಾ, ಹೇಗಕ್ಕಾ ಇದು?" ಎಂದ.

"ಎಡ ಮಂಡಿ" ಎಂದಳು ತಂಗಿ, ಗಾಜು ಉಜ್ಜುತ್ತ. "ಆದ್ರೆ ಪೂರ್ತಿ ಹೇಳಲ್ಲ. ನೀನು ಹೊಟ್ಟೆ ಹಿಡ್ಕೊಂಡು ನಕ್ಕಿದ್ದು ನೆನಪಿದೆ ನಂಗೆ."

ಡ್ರೈವರು ಬೆಲ್ಟು ಬಿಚ್ಚಿ ಬೆರಳು ನೀವಿಕೊಂಡ. ತಲೆ ತಗ್ಗಿಸಿ, "ತಪ್ಪಾಯ್ತು ಅಕ್ಕ" ಎಂದ. ಪಟ್ಟಿಯ ಬಗ್ಗೆ ಆಮೇಲೆ ಅವನು ಚಕಾರ ಎತ್ತಲಿಲ್ಲ. ಹೊಸಬರು ಯಾರಾದರೂ ಎತ್ತಿದರೆ ಅವರಿಗೆ ಬೆಲ್ಟು ಬಿಗಿಯುವವನು ಈಗ ಅವನೇ.

ಈಗಲೂ ಎರಡರಿಂದ ನಾಲ್ಕರವರೆಗೆ ಅಂಗಡಿಯಲ್ಲಿ ಆಟ ನಡೆಯುತ್ತದೆ. ಮೊದಲ ಗಂಟೆ ತಂಗಿಯದು. ಕಂಟ್ರೋಲರನ್ನು ಮಂಡಿಯ ಮೇಲೆ ಒರಗಿಸಿಕೊಂಡು, ಬಲಗೈಯ ಗೆಣ್ಣಿನಿಂದ ಒತ್ತುತ್ತಾಳೆ. ಅವಳ ಯೋಧೆ ಅಂಗಳ ದಾಟಿ ಎರಡನೆಯ ಬಾಸಿನವರೆಗೆ ಹೋಗಿದ್ದಾಳೆ. ಎರಡನೆಯ ಗಂಟೆ ಮುಳ್ಳಣ್ಣನದು. ಅವನಿನ್ನೂ ಬಾಗಿಲಣ್ಣನ ಎಡ ಮಂಡಿಯ ಹತ್ತಿರವೇ ಇದ್ದಾನೆ. ಮೂರು ಉಸಿರು ಕಾಯುತ್ತಾನೆ, ನಾಲ್ಕಕ್ಕೆ ಒಂದೇಟು ಹೊಡೆಯುತ್ತಾನೆ, ಕೈ ನಡುಗಿ ಎರಡನೆಯದೂ ಬಿದ್ದುಬಿಡುತ್ತದೆ. ಸಾಯುತ್ತಾನೆ.

ನಿನ್ನೆ ಐವತ್ತೊಂದನೆಯ ಸಲ ಸತ್ತು, "ಇವತ್ತಿಂದು ಬಿಟ್ಬಿಡು ಪುಟ್ಟಿ, ಲೆಕ್ಕಕ್ಕೆ ಬೇಡ" ಎಂದ.

"ಅದ್ಯಾಕೆ ಬೇಡ? ಒಂದೂ ಬಿಡಲ್ಲ ನಾನು" ಎಂದು ತಂಗಿ ಪೌಡರ್ ಡಬ್ಬಿಯನ್ನು ಅವನತ್ತ ತಳ್ಳಿದಳು. ಅದಕ್ಕೀಗ ಹೊಸ ಚೀಟಿ ಅಂಟಿಸಿದ್ದಳು, 'ಅಣ್ಣ' ಎಂದು. ಡಬ್ಬಿಯ ಬಾಯಿ ಅಗಲವಾಗಿತ್ತು. ಸ್ಕ್ರೂ ತಪ್ಪದೆ ಒಳಗೆ ಬಿತ್ತು.